ಬಾಣಂತಿ ಯಾವ ಕ್ಯಾಬ್ ಹತ್ತಿದ್ಳು?

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನನ್ನ ಹೆಂಡತಿಯ ಮೊಬೈಲಿಗೆ ಸಂಬಳ ಜಮಾ ಆದ ಸಂದೇಶ ಬಂತು. ಮೂವತ್ತಾರು ಸಾವಿರ ಬರಬೇಕಾದ ಕಡೆ ಎಂಟು ಸಾವಿರ ಚಿಲ್ಲರೆ. ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದಲೇ. "ಇವತ್ತೇ ಡ್ಯೂಟಿಗೆ ಹೋಗ್ತೀನಿ ಕಣ್ರೀ" ಎಂದು ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಸಿಸೇರಿಯನ್ ಆಗಿ ಇನ್ನೂ ಇಪ್ಪತ್ತಾರು ದಿನ.

ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಬಹಳ ಕಡಿದು. ಅರ್ಧ ಇಳಿಯುವಷ್ಟರಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ನನ್ನ ಕೈಯಲ್ಲಿ ಮಗುವಿತ್ತು, ಹಿಡಿಯಲಾಗಲಿಲ್ಲ. ಮೆಟ್ಟಿಲು ಹತ್ತಿ ಬರುತ್ತಿದ್ದ ಪಕ್ಕದ ಮನೆಯ ಶಕೀಲಾ ಆಂಟಿ ಸೊಪ್ಪಿನ ಚೀಲ ಬಿಸಾಡಿ ಅವಳನ್ನು ತಬ್ಬಿ ತಡೆದರು.

ಆಂಟಿ ಕಾರ್ಖಾನೆಯೊಂದರ ಸಂಬಳ ವಿಭಾಗದಿಂದ ನಿವೃತ್ತರಾದವರು. ಅವಳನ್ನು ಮಲಗಿಸಿ, ಮೊಬೈಲಿನಲ್ಲಿ ಸಂಬಳದ ಚೀಟಿ ನೋಡಿದರು. "ಅರೇ, ಇದು ಹೆರಿಗೆ ರಜೆ ಅಲ್ಲಪ್ಪ, ಸಂಬಳ ಇಲ್ಲದ ರಜೆ ಅಂತ ಬಿದ್ದಿದೆ. ಪಿಎಫ್ ಹಿಡೀಲಿ, ತೆರಿಗೆ ಹಿಡೀಲಿ. ಆಫೀಸ್ ಕ್ಯಾಬಿಗೂ ಹಿಡಿದಿದ್ದಾರಲ್ಲ, ಬಾಣಂತಿ ಯಾವ ಕ್ಯಾಬ್ ಹತ್ತಿದ್ಳು?"

ಅವಳ ರಜೆ ಹಾಕಿದ್ದು ನಾನೇ. ಆಸ್ಪತ್ರೆಯ ಗಡಿಬಿಡಿಯಲ್ಲಿ ಅವಳ ಆಫೀಸಿನ ಆಪ್‌ನಲ್ಲಿ ತಪ್ಪು ಸಾಲು ಒತ್ತಿದ್ದೆ. ಆಂಟಿ ಹೇಳಿ ಬರೆಸಿದ ಪತ್ರವನ್ನು ಡಾಕ್ಟರ ಚೀಟಿಯೊಂದಿಗೆ ಅಂದೇ ಆಫೀಸಿಗೆ ಕಳಿಸಿದೆವು.

ಹತ್ತನೇ ದಿನ ಉಳಿದ ಸಂಬಳ ಬಂತು. ಅಲ್ಲಿಯವರೆಗೆ ಕಣ್ಣು ಮುಚ್ಚಿದರೆ ನನಗೆ ಆ ಮೆಟ್ಟಿಲೇ ಕಾಣುತ್ತಿತ್ತು. ಅಂದು ರಾತ್ರಿ ಮಗುವೂ ಅಳಲಿಲ್ಲ. ಮೂವರೂ ಬೆಳಗಿನವರೆಗೆ ನಿದ್ದೆ ಮಾಡಿದೆವು. ಬಾಗಿಲು ತಟ್ಟಿ ಎಬ್ಬಿಸಿದ್ದು ಆಂಟಿಯೇ, ಬಾಣಂತಿಗೆಂದು ಸಬ್ಬಸಿಗೆ ಸೊಪ್ಪಿನ ಪಲ್ಯ ತಂದು.