ಕೋಗಿಲಬನದ ಮೂರು ಸಂಜೆ

ಕಾಕಾನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಎಂದೋ ಕುದಿಯುವ ಎಣ್ಣೆ ಬಿದ್ದು ಸೆಟೆದು ನಿಂತ ಬೆರಳು. ಟ್ರೇ ಹಿಡಿದಾಗ ಉಳಿದ ಬೆರಳುಗಳು ಅದರ ಅಡಿಗೆ ಹೋದರೂ ಇದೊಂದು ಹೊರಗೆ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಪರದೇಶದ ಅತಿಥಿಗಳು ಅದನ್ನು ಯಾವುದೋ ಹಳೆಯ ರಾಜಮರ್ಯಾದೆ ಎಂದು ತಿಳಿದು, ಚಹಾದ ಕಪ್ಪು ಹಿಡಿಯುವಾಗ ತಾವೂ ಕಿರುಬೆರಳು ಚಾಚುತ್ತಿದ್ದರು. ನನ್ನ ನೆನಪಿನಲ್ಲಿ ಅದು ಎಡಗೈ. ಬರೆಯುವ ಮುಂಚೆ ಸಮ್ಮೇಳನದ ಫೋಟೋ ತೆಗೆದು ನೋಡಿದೆ, ಬಲಗೈ. ಮುಂದಿನದನ್ನು ಓದುವವರು ನನ್ನ ನೆನಪಿನ ಈ ತಪ್ಪನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ದಾಂಡೇಲಿಯ ಬಂಗೂರನಗರದಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಅವರ ಮನೆ. ಒಂದು ಗೆಸ್ಟ್ ಹೌಸಿನಲ್ಲಿ ಬಟ್ಲರ್ ಆಗಿದ್ದು ನಿವೃತ್ತರಾದವರು. ಅವರು ಎಲ್ಲರಿಗೂ ಕಾಕಾ, ಅವರ ಹೆಂಡತಿ ಎಲ್ಲರಿಗೂ ಕಾಕು. ದಾಂಡೇಲಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಬಡಿಸುವ ಉಸ್ತುವಾರಿಗೆ ಕಾಕಾ ಬೇಕು. ಅವರು ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಬೆಳ್ಳುಳ್ಳಿ ಬೇಡ, ಯಾರ ಮಗ್ಗುಲಲ್ಲಿ ಯಾರು ಕೂರಬಾರದು, ಎಲ್ಲವೂ ತಲೆಯಲ್ಲಿ. "ಬರದಿಟ್ಟದ್ದು ಕಿಸೇದಾಗ ಉಳೀತೈತಿ ತಮ್ಮಾ, ತಲ್ಯಾಗ ಇಟ್ಟದ್ದು ಹೊತ್ತಿಗೆ ಬರತೈತಿ" ಎನ್ನುತ್ತಿದ್ದರು. ಹತ್ತು ವರ್ಷದ ಹಿಂದೆ ಒಂದೇ ಸಲ ಬಂದುಹೋದ ಅಧಿಕಾರಿ ಚಪಾತಿಗೆ ತುಪ್ಪ ಸವರಿಸಿಕೊಳ್ಳುತ್ತಿರಲಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಅವರ ಇಡೀ ಮರ್ಯಾದೆ ಈ ನೆನಪಿನ ಮೇಲೆ ನಿಂತಿತ್ತು.

ನಾನು ಧಾರವಾಡದಲ್ಲಿ ಓದು ಮುಗಿಸಿ ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ, ಬಿದಿರಿನ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಮ್ಮಲ್ಲಿ ನಡೆಯಿತು. ಹಗಲೆಲ್ಲ ಪ್ರಬಂಧಗಳು. ಸಂಜೆ ಪ್ರತಿನಿಧಿಗಳನ್ನೆಲ್ಲ ಬಸ್ಸಿನಲ್ಲಿ ಕೋಗಿಲಬನದ ಒಂದು ರಿಸಾರ್ಟಿಗೆ ಕರೆದೊಯ್ದು, ಕಾಳಿ ನದಿಯ ದಂಡೆಯಲ್ಲಿ ಚಹಾ, ಮನರಂಜನೆ, ಊಟ. ಈ ಸಂಜೆಗಳ ಸಮಿತಿಗೆ ನಾನು ಕಾರ್ಯದರ್ಶಿ. ನಿಜ ಹೇಳಬೇಕೆಂದರೆ ಸಮಿತಿಯಲ್ಲಿ ಇದ್ದವನು ನಾನೊಬ್ಬನೇ. ನೇರ ಕಾಕಾನ ಮನೆಗೆ ಹೋದೆ.

"ಎಷ್ಟ ಮಂದಿ?" ಎಂದರು.

"ಅರವತ್ತೈದು ಕಾಕಾ. ಹನ್ನೊಂದು ದೇಶದವರು."

"ದೇಶ ಉಣ್ಣೂದಿಲ್ಲೋ ತಮ್ಮಾ, ಮಂದಿ ಉಣ್ತಾರ. ಯಾರಿಗೆ ಏನು ಆಗೂದಿಲ್ಲ, ಅಷ್ಟ ಹೇಳು."

ಅರ್ಜಿಗಳಲ್ಲಿ ಎಲ್ಲರೂ ಅದನ್ನು ತುಂಬಿ ಕಳಿಸಿರುತ್ತಾರೆ, ಪಟ್ಟಿ ಮಾಡಿ ಹೇಳುತ್ತೇನೆ ಎಂದೆ.

ಮೊದಲ ಸಂಜೆ ಪರಿಚಯದ ಚಹಾ. ಹೋಗಿ ನೋಡಿದರೆ ಹಾಲು ಒಂದು ಟೇಬಲ್ಲಿನ ಮೇಲೆ, ಸಕ್ಕರೆ ಇನ್ನೊಂದರ ಮೇಲೆ, ಬಿಸ್ಕೀಟು ದೂರದ ಮೂಲೆಯಲ್ಲಿ. ನಾನು ಗಾಬರಿಯಾಗಿ ಎಲ್ಲವನ್ನೂ ಒಂದೆಡೆ ಸೇರಿಸಲು ಹೋದೆ. ಕಾಕಾ ನನ್ನ ಕೈ ಹಿಡಿದರು.

"ಸಾಹೇಬ್ರ, ಅದನ್ನ ಮುಟ್ಟಬ್ಯಾಡ್ರಿ." ಜನರ ಮುಂದೆ ನನ್ನನ್ನು ಸಾಹೇಬ ಎನ್ನುತ್ತಿದ್ದರು, ಅದು ಗೌರವವೋ ಚೇಷ್ಟೆಯೋ ನನಗೆ ತಿಳಿಯುತ್ತಿರಲಿಲ್ಲ. "ಎಲ್ಲಾ ಒಂದ ಕಡೆ ಇಟ್ರ ಒಬ್ಬೊಬ್ರು ಒಂದೊಂದು ಕುರ್ಚಿ ಹಿಡಕೊಂಡು ಕುಂದರ್ತಾರ. ಸಕ್ಕರಿ ಬೇಕಂದ್ರ ಏಳ್ಲಿ, ಯಾರನ್ನರ ಕೇಳ್ಲಿ."

ಹಾಗೆಯೇ ಆಯಿತು. ನದಿಯ ಕಡೆ ಮುಖ ಮಾಡಿ ಒಬ್ಬರೇ ಕುಳಿತಿದ್ದ ವಿಯೆಟ್ನಾಮಿನ ಹಿರಿಯ ಪ್ರಾಧ್ಯಾಪಕರು ಸಕ್ಕರೆ ಹುಡುಕುತ್ತಾ ಎದ್ದರು. ಅರ್ಧ ತಾಸಿನಲ್ಲಿ ಅವರು ಅಸ್ಸಾಮಿನ ಇಬ್ಬರಿಗೆ ಬಿದಿರಿನ ಕಳಲೆಯ ಕಹಿ ತೆಗೆಯುವುದು ಹೇಗೆಂದು ಕೈ ತಿರುಗಿಸಿ ತೋರಿಸುತ್ತಿದ್ದರು. ಹಗಲು ನಾಲ್ಕು ಗೋಷ್ಠಿಗಳಲ್ಲಿ ಅವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಎರಡನೆಯ ಸಂಜೆ ಹಳಿಯಾಳದ ಕಡೆಯ ಊರೊಂದರಿಂದ ಸಿದ್ದಿಯರ ಡಮಾಮಿ ಡೋಲಿನ ತಂಡ ಬಂದಿತ್ತು. ಬಾರಿಸುವವರು, ಹಾಡುವ ಹೆಂಗಸರು, ಒಟ್ಟು ಹದಿನಾಲ್ಕು ಜನ. ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿನಿಧಿಗಳ ಊಟ ಮುಗಿದ ಮೇಲೆ ಅವರ ಊಟ, ಅಡುಗೆಮನೆಯ ಹಿಂದೆ. ಹಾಗೆ ಟೈಪು ಮಾಡಿದವನು ನಾನೇ. ಎಲ್ಲ ಕಡೆ ಹಾಗೇ ನಡೆಯುತ್ತದೆ, ನನಗೆ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಬಾರಿಸಿ ಮುಗಿದಾಗ ಕಾಕಾ ಉದ್ದಕ್ಕೆ ಒಂದೇ ಸಾಲು ಜಮಖಾನ ಹಾಸಿ, ನಾಲ್ಕೈದು ಎಲೆ ಪ್ರತಿನಿಧಿಗಳಿಗೆ, ಒಂದು ಎಲೆ ತಂಡದವರಿಗೆ ಎಂದು ಬೆರೆಸಿ ಹಾಕಿದ್ದರು. ತಂಡದ ಹಿರಿಯ ಹೆಂಗಸು ಜರ್ಮನಿಯವರೊಬ್ಬರ ಪಕ್ಕ ಕೂತು ಕೂಗಿದರು:

"ಏ ಕಾಕಾ, ಈ ನಿನ್ನ ಪಾವಣ್ಯಾಗ ಅನ್ನಾ ಕಲಸಾಕ ಬರೂದಿಲ್ಲಲ್ಲೋ! ನಾ ಕಲಿಸ್ಲೇನು?"

"ಕಲಿಸವ್ವಾ. ಅವಗ ಡಾಕ್ಟರೇಟ್ ಆಗೈತಿ, ಲಗೂನ ಕಲೀತಾನ" ಎಂದರು ಕಾಕಾ. ಇಡೀ ಸಾಲು ನಕ್ಕಿತು. ಅರ್ಥವಾಗದ ಆ ಜರ್ಮನಿಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮೂರನೆಯ ಸಂಜೆ ಬೀಳ್ಕೊಡುಗೆ ಊಟ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಕೊಲಂಬಿಯಾದಿಂದ ಬಂದ ಸಂಶೋಧಕಿಯೊಬ್ಬರು ಶೇಂಗಾದ ಚಿತ್ರವಿದ್ದ ಚೀಟಿಯೊಂದನ್ನು ಬಡಿಸುವವನಿಗೆ ತೋರಿಸಿ, ಇದು ಇದರಲ್ಲಿದೆಯೇ ಎಂದು ಕೇಳಿದರು. ಅವನು ಪಾತ್ರೆಯೊಳಗೆ ನೋಡಿ, ಇಲ್ಲ ಎಂದು ತಲೆಯಾಡಿಸಿದ. ಅವನು ಸುಳ್ಳು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹುರಿದು ಕುಟ್ಟಿದ ಶೇಂಗಾ ಪುಡಿ ಮಸಾಲೆಯಲ್ಲಿ ಸೇರಿಹೋಗುತ್ತದೆ. ಎಣ್ಣೆಗಾಯಿಯಲ್ಲಿ ಏನೇನಿದೆ ಎಂದರೆ ಬದನೆಕಾಯಿ, ಉಳ್ಳಾಗಡ್ಡಿ, ಖಾರ ಎಂದು ಹೇಳುತ್ತೇವೆ, ಶೇಂಗಾ ಎಂದು ಯಾರೂ ಎಣಿಸುವುದಿಲ್ಲ. ಕಾಕಾನಿಗೆ ಗೊತ್ತಿದ್ದರೆ ಆಕೆಗೆ ಬೇರೆ ಪಾತ್ರೆಯಲ್ಲಿ ಮಾಡಿಸುತ್ತಿದ್ದರು.

ಎರಡು ತುತ್ತು ತಿಂದಿರಬೇಕು. ಆಕೆಯ ಕೈ ಗಂಟಲಿಗೆ ಹೋದದ್ದನ್ನು ಮೊದಲು ಕಂಡವರು ಆ ತುದಿಯಲ್ಲಿದ್ದ ಕಾಕಾ. ಓಡಿ ಬಂದರು. ತುಟಿ ಊದುತ್ತಿತ್ತು. ಆಕೆ ತನ್ನ ಚೀಲದ ಕಡೆ ಬೆರಳು ಮಾಡಿದರು. ಕಾಕಾ ಚೀಲವನ್ನು ಜಮಖಾನದ ಮೇಲೆ ಸುರಿದರು. ಪೆನ್ನಿನಂಥ ಒಂದು ಸೂಜಿಮದ್ದು ಉರುಳಿತು. ಆಕೆಯ ಗೆಳತಿ ಅದನ್ನು ತೊಡೆಗೆ ಚುಚ್ಚಿದರು. ಜೀಪಿನಲ್ಲಿ ದಾಂಡೇಲಿಯ ಆಸ್ಪತ್ರೆಗೆ ಒಯ್ದೆವು. ಮರುದಿನ ಬೆಳಿಗ್ಗೆ ಆಕೆ ನಗುತ್ತಲೇ ಹೊರಬಂದರು.

ಆಮೇಲೆ ಸಮ್ಮೇಳನದ ಅಧ್ಯಕ್ಷರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಕೇಳಿದರು: "ಆಕೆ ಅರ್ಜಿಯಲ್ಲಿ ಬರೆದಿದ್ದಾರಲ್ಲ. ಇದು ಅಡುಗೆಯವರಿಗೆ ಯಾಕೆ ತಲುಪಲಿಲ್ಲ?"

"ನಾನು ಕಾಕಾಗೆ ಹೇಳಿದ್ದೆ ಸರ್" ಎಂದೆ.

ಕಾಕಾ ನನ್ನನ್ನು ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಕೈಮುಗಿದರು.

"ಹೌದ್ರಿ, ಹೇಳಿದ್ರು. ನಾ ಮರ್ತೆ. ವಯಸ್ಸಾತ್ರಿ."

ಹೇಳಿದ್ದೆ ಎಂದು ನಾನು ಆಗ ನಂಬಿದ್ದೆ. ಚಿತ್ರವೇ ಕಣ್ಣ ಮುಂದಿತ್ತು: ರಿಸಾರ್ಟಿನ ಅಡುಗೆಮನೆಯ ಮೆಟ್ಟಿಲ ಮೇಲೆ ಕಾಕಾ ಉಳ್ಳಾಗಡ್ಡಿಯ ಬುಟ್ಟಿ ಹಿಡಿದು ನಿಂತಿದ್ದಾರೆ, ನಾನು ಶೇಂಗಾದ ಮಾತು ಹೇಳುತ್ತಿದ್ದೇನೆ, ಅವರು ತಲೆಯಾಡಿಸುತ್ತಿದ್ದಾರೆ. ತಿಂಗಳ ನಂತರ ಚೀಲ ಕೊಡವುವಾಗ ಸಮ್ಮೇಳನದ ಪುಸ್ತಿಕೆಯೊಳಗಿಂದ ಆ ಪಟ್ಟಿ ಬಿತ್ತು. ಮಡಿಕೆ ಬಿಚ್ಚಿರಲಿಲ್ಲ. ಪಟ್ಟಿ ಕೊಡದಿದ್ದರೇನು, ಬಾಯಲ್ಲಿ ಹೇಳಿರಬಹುದಲ್ಲ ಎಂದು ನನಗೆ ನಾನೇ ವಾದ ಹೂಡಿದೆ. ಸಮಾಧಾನವಾಗದೆ ರಿಸಾರ್ಟಿಗೆ ಹೋಗಿ ನೋಡಿದೆ. ಅಲ್ಲಿನ ಅಡುಗೆಮನೆಗೆ ಮೆಟ್ಟಿಲೇ ಇರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಮಾತು ಹರಡಿತ್ತು. ಕಾಕಾಗೆ ಮರೆವು ಹತ್ತಿದೆ, ಪಾಪ. ಆ ಚಳಿಗಾಲ ಒಂದು ಮದುವೆಗೂ ಅವರನ್ನು ಕರೆಯಲಿಲ್ಲ. ನಾನು ಹೋದಾಗ ಅವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಟ್ಟಿ ತೋರಿಸಿದೆ. ಅದನ್ನು ಅವರು ಕೈಗೇ ತೆಗೆದುಕೊಳ್ಳಲಿಲ್ಲ.

"ನಾನು ನಿಮಗ ಹೇಳಿರಲಿಲ್ಲ ಅಲ್ಲಾ ಕಾಕಾ?"

"ಈಗ ಯಾಕದು?"

"ಅಧ್ಯಕ್ಷರ ಮುಂದ ಹೇಳ್ತೇನಿ. ಎಲ್ಲಾರಿಗೂ ಹೇಳ್ತೇನಿ."

"ಸುಮ್ಮ ಕುಂದರು." ದನಿ ತಗ್ಗಿಸಿದರು, ಒಳಗೆ ಕಾಕು ಪಾತ್ರೆ ತೊಳೆಯುತ್ತಿದ್ದರು. "ನಿನ್ನ ನೌಕರಿ ಇನ್ನೂ ಹಸಿ ಐತಿ. ನನ್ನದು ಮುಗದು ಎಷ್ಟ ವರ್ಷ ಆತು. ಆ ಹೆಣ್ಮಗಳು ಉಳದಳಲ್ಲಾ, ಅಷ್ಟ ಸಾಕು. ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ." ಆಮೇಲೆ ಒಂದು ಹಿಡಿ ಅವರೆಕಾಯಿ ನನ್ನ ಮುಂದೆ ಸುರಿದು, "ಬಂದದ್ದಕ್ಕ ಇಷ್ಟರ ಸುಲಿ" ಎಂದರು.

ಸುಲಿದೆ. ಅವರ ಮಾತಿನಂತೆ ಬಾಯಿ ಮುಚ್ಚಿಕೊಂಡೂ ಇದ್ದೆ. ಹಿರಿಯರ ಮಾತು ಮೀರಲಿಲ್ಲ ಎಂದು ಹೇಳಿಕೊಳ್ಳಬಹುದು. ಮೀರದಿರುವುದು ನನಗೆ ಅನುಕೂಲವೂ ಆಗಿತ್ತು. ಮರುವರ್ಷ ನನ್ನ ಕೆಲಸ ಕಾಯಂ ಆಯಿತು. ಅದರ ಮರುವರ್ಷ ಕಾಕಾ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಹೋಗಿ ಕಾಕುವಿಗೆ ಎಲ್ಲ ಹೇಳಿದೆ. ಪಟ್ಟಿ, ಮೆಟ್ಟಿಲು, ಯಾವುದನ್ನೂ ಬಿಡಲಿಲ್ಲ.

"ಹಂಗಾರ ಅವರಿಗೆ ಮರವು ಇರಲಿಲ್ಲಾ?"

"ಇರಲಿಲ್ಲ ಕಾಕು."

"ಮದಿವಿ ಆದಾಗಿಂದ ಮುಂಜಾನಿ ಚಹಾ ಅವರದ ಇತ್ತು. ನಾ ಏಳೂದ್ರಾಗ ಕಪ್ಪು ತಂದು ಬಾಜೂಕ ಇಡ್ತಿದ್ರು. ಅದಾದ ಮ್ಯಾಲ, ಗ್ಯಾಸ್ ಹಚ್ಚಿ ಎಲ್ಲಿ ಮರೀತಾರೋ ಅಂತ ನಾನ ಬ್ಯಾಡ ಅಂದೆ. ಹೂಂ ಅಂದ್ರು. ಎರಡು ವರ್ಷ ನಾ ಮಾಡಿದ್ದು ಕುಡದ್ರು. ಒಂದಿನಾ ಛಲೋ ಆಗೈತಿ ಅನ್ನಲಿಲ್ಲ ನೋಡು." ನಗಲು ಹೋದರು, ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಅಂದರು: "ನನ್ನ ಒಬ್ಬಾಕಿಗೆ ಹೇಳಿದ್ರ ಹೆಂಗೋ ತಮ್ಮಾ? ಊರ ತುಂಬಾ ಅವರಿಗೆ ಮರವು ಅಂತಾರ. ಊರ ತುಂಬಾ ಹೇಳು."

ಅಧ್ಯಕ್ಷರಿಗೆ ಹೇಳಿದೆ, ಸಹೋದ್ಯೋಗಿಗಳಿಗೆ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ. ಹಳೇ ಮಾತು ಬಿಡ್ರಿ ಎನ್ನುತ್ತಾರೆ. ನನ್ನ ಬಳಿ ಪೂರ್ತಿ ಪುರಾವೆಯಿಲ್ಲ. ನಾನು ಕೇಳಿದ್ದಕ್ಕೆ ಕಾಕಾ ಕೊನೆಯವರೆಗೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆದರೂ ಬರೆದು ಸಹಿ ಹಾಕುತ್ತೇನೆ: ಆ ಸಂಜೆ ಮರೆತವನು ನಾನು, ಅವರಲ್ಲ.