ಪಬ್ಬಿನ ಐದನೆಯ ಒಡೆಯ

ಇದನ್ನು ಮಗಳಿಗೂ ಹೇಳಿಲ್ಲ. ಕಟ್ಟುಕತೆಯಾಗಿದ್ದರೆ ಎಂದೋ ಹೇಳಿ ಹಗುರಾಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಈ ಪರದೇಶದಲ್ಲಿ, ಸರಟೋಗಾ ಪಟ್ಟಣದಿಂದ ಬೆಟ್ಟದ ರಸ್ತೆ ಹಿಡಿದರೆ ಒಂದು ಪುಟ್ಟ ಊರು. ಅಲ್ಲೊಂದು ಹಳೆಯ ಪಬ್ಬು. ಮರ ಕಡಿಯುವವರಿಗಾಗಿ ಒಬ್ಬ ಬಡಗಿ ಕಟ್ಟಿದ್ದಂತೆ. ಅವನ ನಂತರ ಹೆಂಡತಿ, ಆಮೇಲೆ ಅಳಿಯ, ಆ ಮೇಲೆ ಅಲ್ಲೇ ಗ್ಲಾಸು ತೊಳೆಯುತ್ತಿದ್ದವಳು. ನಾಲ್ವರೂ ಸಾಯುವ ದಿನದವರೆಗೆ ಬಿಯರ್ ಸುರಿದವರು. ಅವರ ಫೋಟೋಗಳು ಕೌಂಟರಿನ ಹಿಂದೆ ಸಾಲಾಗಿದ್ದವು.

ಐದನೆಯವನು ನನ್ನ ಗಂಡ ಸುಧಾಕರ. ರೆಡ್‌ವುಡ್ ಸಿಟಿಯ ಕೆಲಸ ಬಿಟ್ಟು ಅದನ್ನು ಕೊಂಡ.

"ಹುಚ್ಚು ಕಣೋ ನಿಂಗೆ," ಅಂದಿದ್ದೆ.

"ಇಷ್ಟು ವರ್ಷ ಮೀಟಿಂಗಲ್ಲಿ ಕೂತೆ ಕಣೇ. ಇನ್ಮೇಲೆ ಜನರ ಜೊತೆ ಕೂರ್ತೀನಿ."

ಮೂರನೇ ವರ್ಷ ಆ ಕೌಂಟರಿನ ಹಿಂದೆಯೇ ಕುಸಿದ. ನಾನು ಬೆಟ್ಟ ಹತ್ತಿ ಬರುವಷ್ಟರಲ್ಲಿ...

ಹತ್ತು ತಿಂಗಳ ಮೇಲೆ ಪಬ್ಬು ಮಾರಿದೆ. ಕೊನೆಯ ಸಲ ಬೀಗ ಹಾಕಲು ಹೋದದ್ದು ಡಿಸೆಂಬರಿನ ಒಂದು ಸಂಜೆ. ಐದೂವರೆಗೇ ಗವ್ವೆನ್ನುವ ಕತ್ತಲೆ. ಮಹಡಿಯ ದೀಪ ಆರಿಸಿ ಇಳಿಯುತ್ತಿದ್ದೆ. ಕೆಳಗೆ ಮಾತು ಕೇಳಿಸಿತು...

ಪಬ್ಬಿನ ಪಕ್ಕದ ಮನೆಯ ವಾಲ್ಟರ್. ಕಣ್ಣು ಕಾಣದ ಮುದುಕ, ಹಳೆಯ ಗಿರಾಕಿ. ವರ್ಷವಿಡೀ ದೂರದ ಮಗನ ಮನೆಯಲ್ಲಿದ್ದು ಅಂದೇ ಮರಳಿದ್ದ. ಸುಧಾಕರ ಸತ್ತ ಸುದ್ದಿ ಗೊತ್ತಿರಲಿಲ್ಲ. ಕೌಂಟರಿನತ್ತ ಮುಖ ಮಾಡಿ ಮಾತಾಡುತ್ತಿದ್ದ. ನಿಲ್ಲಿಸುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದ... ನಗುತ್ತಿದ್ದ.

ಕೌಂಟರಿನ ಹಿಂದೆ ಯಾರೂ ಇರಲಿಲ್ಲ.

ಮುಗ್ಗಲು ವಾಸನೆಯ ನಡುವೆ ಸುಧಾಕರ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯ ವಾಸನೆ. ಎಂದೋ ಬತ್ತಿದ್ದ ಬಿಯರ್ ನಲ್ಲಿಯಿಂದ ತೊಟ್... ತೊಟ್...

"ಸುಧಾ?" ಅಂದೆ.

ತೊಟ್ಟಿಕ್ಕುವುದು ನಿಂತಿತು. ನನಗೇನೂ ಕೇಳಿಸಲಿಲ್ಲ. ವಾಲ್ಟರ್ ಮಾತ್ರ ಕಿವಿಗೊಟ್ಟು, ನನ್ನತ್ತ ತಿರುಗಿದ.

"ನಿಮ್ಮ ಭಾಷೆಯಲ್ಲೇನೋ ಕೇಳ್ತಿದ್ದಾನೆ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಆಮೇಲೆ ತೊದಲುತ್ತಾ ಹೇಳಿದ: "ಯಾರು... ನೀವು... ವಾಟ್ ಡಸ್ ದಟ್ ಮೀನ್?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸುಧಾಕರ ಒಂದು ದಿನವೂ ನನ್ನನ್ನು 'ನೀವು' ಅಂದವನಲ್ಲ.

"ಹುಷಾರಾಗಿ ಮನೆಗೆ ಹೋಗು ಅಂತ," ಅಂದೆ. ವಾಲ್ಟರನ ಕೈ ಹಿಡಿದು ಹೊರಗೆ ಕರೆತಂದು, ಬೀಗ ಹಾಕಿದೆ.

ಅವನ ಗೇಟಿನ ಬಳಿ, ಸುಧಾಕರ ಸತ್ತದ್ದನ್ನೂ ಆ ಮಾತಿನ ನಿಜವಾದ ಅರ್ಥವನ್ನೂ ಹೇಳಿದೆ. ಮುದುಕ ಪಬ್ಬಿನತ್ತ ಮುಖ ತಿರುಗಿಸಿದ.

"ಆದರೆ... ನನ್ನ ಗುರುತು ಹಿಡಿದನಲ್ಲ," ಅಂದ.

ಅಂದಿನಿಂದ ನಾನು ಆ ಬೆಟ್ಟ ಹತ್ತಿಲ್ಲ. ದೆವ್ವದ ಹೆದರಿಕೆಯಿಂದಲ್ಲ. ಹೋದರೆ, ಅವನು ಮತ್ತೆ ಅದನ್ನೇ ಕೇಳಿಬಿಟ್ಟರೆ...