ಸಂದರ್ಶನದ ಬೆಂಚಿನಲ್ಲಿ ನಮ್ಮ ಮೇಡಂ

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಮಣಿಪಾಲದ ಒಂದು ದೊಡ್ಡ ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಕಾರ್ಕಳದ ನಮ್ಮ ಸರಕಾರಿ ಕಾಲೇಜು ಬಿಟ್ಟು ಎರಡನೇ ವರ್ಷದ ಬಿ.ಎಸ್ಸಿ.ಗೆ ಅಲ್ಲಿ ಸೇರಬೇಕೆಂದು ನನ್ನ ಆಸೆ. ಖಾಲಿ ಇದ್ದದ್ದು ಒಂದೇ ಸೀಟು.

ಹೊರಗಿನ ಬೆಂಚಿನಲ್ಲಿ ನೋಡಿದರೆ ನಮ್ಮ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿರುವ ಫಿಸಿಕ್ಸ್ ಮೇಡಂ ಕುಳಿತಿದ್ದಾರೆ. ಹೋದ ವಾರವಷ್ಟೇ ಅವರು, "ಓದುವವರಿಗೆ ಇಲ್ಲಿ ಎಂತ ಕಮ್ಮಿ ಉಂಟು? ಸುಮ್ಮನೆ ಹೋಗಬೇಡ" ಎಂದು ನನಗೆ ಬುದ್ಧಿ ಹೇಳಿದ್ದರು.

"ನೀನು ಎಂತ ಇಲ್ಲಿ?" ಎಂದರು.

"ಸೀಟು ಕೇಳಲಿಕ್ಕೆ ಮೇಡಂ. ನೀವು?"

ಅವರು ಸೆರಗು ಸರಿಮಾಡಿಕೊಂಡು, "ಕೆಲಸ ಕೇಳಲಿಕ್ಕೆ" ಎಂದರು.

ಆಮೇಲೆ ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕುಳಿತೆವು.

ಒಳಗೆ ಪ್ರಿನ್ಸಿಪಾಲರು ನನ್ನನ್ನು, ಈಗಿನ ಕಾಲೇಜು ಯಾಕೆ ಬಿಡುತ್ತೀ ಎಂದು ಕೇಳಿದರು. "ಅಲ್ಲಿ ಒಳ್ಳೆಯ ಲೆಕ್ಚರರುಗಳು ನಿಲ್ಲುವುದಿಲ್ಲ ಸರ್" ಎಂದೆ. ಅದಕ್ಕೆ ಸಾಕ್ಷಿ ಹೊರಗೆ ಬೆಂಚಿನ ಮೇಲೆಯೇ ಇತ್ತು.

ವಾಪಸು ಬರುವಾಗ ಇಬ್ಬರಿಗೂ ಒಂದೇ ಬಸ್ಸು. ಹಿರಿಯಡ್ಕ ದಾಟಿದ ಮೇಲೆ ಮೇಡಂ ಮುಂದಿನ ಸೀಟಿನಿಂದ ತಿರುಗಿ, "ಎಂತಾಯ್ತು?" ಎಂದು ಕೇಳಿದರು.

"ಸಿಕ್ಕಿತು ಮೇಡಂ. ನಿಮಗೆ?"

"ನನಗೂ ಆಯ್ತು. ಸೆಕೆಂಡ್ ಇಯರಿಗೆ ಫಿಸಿಕ್ಸ್ ನಾನೇ ಅಂತೆ."

ನನಗೆ ನಿಜವಾಗಿಯೂ ಸಮಾಧಾನವಾಯಿತು. ಅವರ ಹಾಗೆ ಪಾಠ ಮಾಡುವವರು ಕಡಿಮೆ. ಇನ್ನು ದಿನಾ ನಮ್ಮೂರು ಬಜಗೋಳಿಯಿಂದ ಎರಡು ಬಸ್ಸು ಹತ್ತಿ ಹೋಗಿ ಅದೇ ಮೇಡಂನ ಪಾಠ ಕೇಳಬೇಕು. ಹೊಸ ಕಾಲೇಜಿನಲ್ಲಿ ಸದ್ಯಕ್ಕೆ ಹೊಸದೆಂದರೆ ಫೀಸು ಮಾತ್ರ.